ಬೀಳುವ ನೀರು, ಇಳಿಯುವ ನೀರು: ನಮ್ಮ ಮನೆಯ ಎರಡು ಶವರ್‌ಗಳ ಬಗ್ಗೆ

ಎಂಟು ತಿಂಗಳು ದಿನಾ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಪುಣೆಯ ಧಾಯರಿಯಲ್ಲಿ ನಮ್ಮ ಫ್ಲ್ಯಾಟ್. ಏಳನೇ ಮಹಡಿ, ಅದೇ ಕೊನೆಯ ಮಹಡಿ. ನೀರಿನ ಟಾಕಿ ನಮ್ಮ ತಲೆ ಮೇಲೇ ಇದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಳೆದ ದೀಪಾವಳಿಗೆ ಮುಂಚೆ ಎರಡೂ ಬಾತ್‌ರೂಮ್ ಒಡೆಸಿ ಹೊಸದಾಗಿ ಮಾಡಿಸಿದೆವು. ಹಳೆಯ ಪೈಪು ತುಕ್ಕು ಹಿಡಿದು ಕೆಳಗಿನ ಮನೆಯವರ ಸೀಲಿಂಗ್ ಒದ್ದೆಯಾಗುತ್ತಿತ್ತು. ಭವಾನಿ ಪೇಠೆಯ ಕಡೆ ಒಂದು ದೊಡ್ಡ ಅಂಗಡಿಗೆ ಹೋದೆವು. ಅಲ್ಲಿ ಎರಡು ಸಾಮಾನು ಇಷ್ಟವಾದವು. ಒಂದು, ತಲೆ ಮೇಲೆ ಕೂರುವ ಚೌಕದ ಶವರ್. ಅದರಲ್ಲಿ ಎರಡು ಬಗೆ: ಗುಂಡಿ ಒಂದು ಕಡೆ ತಿರುಗಿಸಿದರೆ ಮಳೆ ಥರ ಸಣ್ಣ ಹನಿ, ಇನ್ನೊಂದು ಕಡೆ ತಿರುಗಿಸಿದರೆ ಒಂದು ಗೇಣು ಅಗಲದ ಸೀಳಿನಿಂದ ಹಾಳೆಯಂತೆ ನೀರು. ಡಬ್ಬದ ಮೇಲೆ ದೊಡ್ಡದಾಗಿ ‘ವಾಟರ್‌ಫಾಲ್’ ಎಂದಿತ್ತು. ಬೆಲೆ ₹7,400. ಇನ್ನೊಂದು, ಗೋಡೆಗೆ ಕೂರಿಸುವ ಅಗಲ ಬಾಯಿಯ ನಲ್ಲಿ. ಮೇಲೆ ಮುಚ್ಚಳ ಇಲ್ಲ, ತೆರೆದ ತಟ್ಟೆಯ ಹಾಗೆ. ನೀರು ಹಿಂದಿನಿಂದ ಬಂದು ತಟ್ಟೆಯ ಮೇಲೆ ಹರಡಿಕೊಂಡು ಅಂಚಿನಿಂದ ಇಳಿಯುತ್ತದೆ. ಅದರ ಡಬ್ಬದ ಮೇಲೆ ‘ಕ್ಯಾಸ್ಕೇಡ್’. ಬೆಲೆ ₹3,250.

ನಾನು ಶಾಲೆಯಲ್ಲಿ ಭೂಗೋಳ ಪಾಠ ಮಾಡುವವಳು. ಹೆಸರು ಬೇರೆ ಇದ್ದರೆ ಏನೋ ವ್ಯತ್ಯಾಸ ಇರಲೇಬೇಕು ಅಂತ ಕೇಳಿದೆ. ಅಂಗಡಿಯ ಹುಡುಗ ನಗುತ್ತಾ “ಮ್ಯಾಡಮ್, ದೋನ್ಹೀ ಏಕಚ್. ಧಬಧಬಾ!” ಎಂದ. ಎರಡೂ ಒಂದೇ, ಜಲಪಾತವೇ ಅಂತ. ಸರಿ ಎಂದು ಎರಡನ್ನೂ ಕೊಂಡೆವು. ವಾಟರ್‌ಫಾಲ್ ನಮ್ಮ ಕೋಣೆಯ ಬಾತ್‌ರೂಮಿಗೆ, ಕ್ಯಾಸ್ಕೇಡ್ ಹೊರಗಿನ ಬಾತ್‌ರೂಮಿಗೆ.

ಎರಡೂ ಒಂದೇ ಅಲ್ಲ. ಅದನ್ನೇ ಹೇಳಬೇಕು ಅಂತ ಇಷ್ಟು ಉದ್ದ ಬರೆಯುತ್ತಿರುವುದು.

ಕಂಪನಿಯ ಹೆಸರು ಹಾಕುವುದಿಲ್ಲ. ಈ ತರಹದ ಸಾಮಾನು ಈಗ ತುಂಬಾ ಕಂಪನಿಗಳು ಮಾಡುತ್ತವೆ. ನಾನು ಹೇಳುವುದು ಸಾಮಾನಿನ ಜಾತಿಯ ಬಗ್ಗೆ.

ಕೂರಿಸಲು ಬಂದ ಪ್ಲಂಬರ್ ವಿಜಯಪುರದ ಕಡೆಯವರು. ಪುಣೆಗೆ ಬಂದು ಇಪ್ಪತ್ತು ವರ್ಷ ಆಯಿತಂತೆ. ನಾವು ಕನ್ನಡ ಮಾತಾಡುವುದು ಕಿವಿಗೆ ಬಿದ್ದಿದ್ದೇ ಅವರ ಮುಖ ಅರಳಿತು. ವಾಟರ್‌ಫಾಲ್ ಡಬ್ಬ ಬಿಚ್ಚಿ, ಕೈಯಲ್ಲಿ ತೂಗಿ ನೋಡಿ, “ಅಕ್ಕಾರ, ಇದಕ್ಕ ಪ್ರೆಶರ್ ಬೇಕ್ರಿ. ನಿಮ್ಮ ಟಾಕಿ ಇಲ್ಲೇ ತಲಿ ಮ್ಯಾಲೆ ಐತಿ. ಇದು ನಡಿಯಂಗಿಲ್ರಿ,” ಎಂದರು. ನನಗೆ ಆಗ ತಿಳಿಯಲಿಲ್ಲ. ಟಾಕಿ ಹತ್ತಿರ ಇದ್ದರೆ ಒಳ್ಳೆಯದೇ ಅಲ್ವಾ ಅಂದುಕೊಂಡೆ. ಅದು ಉಲ್ಟಾ. ನೀರಿನ ಒತ್ತಡ ಬರುವುದು ಎತ್ತರದಿಂದ. ಟಾಕಿಗೂ ನಲ್ಲಿಗೂ ಹತ್ತು ಮೀಟರ್ ಎತ್ತರದ ಅಂತರ ಇದ್ದರೆ ಸುಮಾರು 1 ಬಾರ್ ಒತ್ತಡ. ನಮ್ಮಲ್ಲಿ ಟಾಕಿಯ ತಳಕ್ಕೂ ಶವರ್‌ಗೂ ಮೂರು ಮೀಟರ್ ಇದ್ದರೆ ಹೆಚ್ಚು. ಅಂದರೆ 0.3 ಬಾರ್. ಡಬ್ಬದ ಒಳಗಿನ ಚೀಟಿಯಲ್ಲಿ ಕನಿಷ್ಠ 1 ಬಾರ್ ಬೇಕು ಎಂದು ಸಣ್ಣಕ್ಷರದಲ್ಲಿ ಬರೆದಿತ್ತು. ಮೊದಲ ಮಹಡಿಯವರಿಗೆ ಈ ತೊಂದರೆ ಇರುವುದಿಲ್ಲ. ಮೇಲಿನ ಎರಡು ಮೂರು ಮಹಡಿಯವರು ಕೊಳ್ಳುವ ಮೊದಲು ಚೀಟಿ ಓದಿ.

ಮೊದಲ ದಿನ ವಾಟರ್‌ಫಾಲ್ ತಿರುಗಿಸಿದೆ. ಗೇಣಗಲದ ಹಾಳೆಯಾಗಿ ಹೊರಟ ನೀರು ಒಂದು ಅಡಿ ಇಳಿಯುವಷ್ಟರಲ್ಲಿ ಎರಡು ಬದಿಯಿಂದ ಒಳಗೆ ಸರಿಯಿತು. ಹತ್ತಿರ ನಿಂತು ನೋಡಿದೆ. ಹಾಳೆಯ ಎರಡು ಅಂಚೂ ಹಗ್ಗದ ಹಾಗೆ ದಪ್ಪ. ನಡುವೆ ಗಾಜಿನಷ್ಟು ತೆಳು, ಆಚೆಯ ಟೈಲ್ಸಿನ ಗೆರೆ ಕಾಣುತ್ತಿತ್ತು. ಆ ಎರಡು ಹಗ್ಗ ಹತ್ತಿರ ಬಂದು, ಒಂದಕ್ಕೊಂದು ತಾಗಿ, ಅಡ್ಡ ತಿರುಗಿ ಮತ್ತೆ ಸ್ವಲ್ಪ ಅಗಲವಾಗಿ, ಮತ್ತೆ ಸೇರಿ, ಸಣ್ಣ ಹುಡುಗಿಯ ಜಡೆ ಹೆಣೆದ ಹಾಗೆ ಕೆಳಗೆ ಹೋಯಿತು. ನೋಡಲು ತುಂಬಾ ಚೆಂದ. ಆದರೆ ಸ್ನಾನಕ್ಕೆ ಅದು ಎರಡು ಬೆರಳಿನಷ್ಟು ದಪ್ಪದ ಒಂದು ಧಾರೆ, ಅಷ್ಟೇ. ನೀರಿಗೆ ತನ್ನನ್ನು ತಾನು ಒಟ್ಟಿಗೆ ಎಳೆದುಕೊಳ್ಳುವ ಗುಣ ಇದೆ. ಗಾಳಿಯಲ್ಲಿ ಬಿಟ್ಟರೆ ಅದು ಹಾಳೆಯಾಗಿ ನಿಲ್ಲುವುದಿಲ್ಲ, ಸುತ್ತಿಕೊಳ್ಳುತ್ತದೆ. ಹಾಳೆಯಾಗಿಯೇ ನಿಲ್ಲಬೇಕು ಅಂದರೆ ಹಿಂದಿನಿಂದ ಜೋರಾಗಿ ತುಂಬಾ ನೀರು ತಳ್ಳಬೇಕು. ನಮ್ಮಲ್ಲಿ ಅದಿಲ್ಲ. ಇಪ್ಪತ್ತು ಲೀಟರ್ ಬಕೆಟ್ ಇಟ್ಟು ನೋಡಿದೆ, ತುಂಬಲು ನಾಲ್ಕು ನಿಮಿಷ. ಅಂದರೆ ನಿಮಿಷಕ್ಕೆ ಐದು ಲೀಟರ್.

ಆಮೇಲೆ ಹೊರಗಿನ ಬಾತ್‌ರೂಮಿಗೆ ಹೋಗಿ ಕ್ಯಾಸ್ಕೇಡ್ ಬಿಟ್ಟೆ. ಅದೇ ಟಾಕಿ, ಅದೇ ನೀರು. ಬಕೆಟ್ ಎರಡು ನಿಮಿಷ ಇಪ್ಪತ್ತು ಸೆಕೆಂಡಿಗೆ ತುಂಬಿತು. ಅದಕ್ಕಿಂತ ಮುಖ್ಯ, ನೀರು ಹಾಳೆಯಾಗಿಯೇ ಬಂತು. ಯಾಕೆಂದರೆ ಅದು ಗಾಳಿಯಲ್ಲಿ ಹಾಳೆಯಾಗಬೇಕಿಲ್ಲ. ತಟ್ಟೆಯ ಮೇಲೇ ಹರಡಿಕೊಂಡು, ತಟ್ಟೆಯನ್ನು ಹಿಡಿದುಕೊಂಡೇ ಅಂಚಿಗೆ ಬರುತ್ತದೆ. ಅಂಚಿನಿಂದ ನಮ್ಮ ಹೆಗಲಿಗೆ ಒಂದು ಗೇಣು ದೂರ. ಸುತ್ತಿಕೊಳ್ಳಲು ಪುರುಸೊತ್ತೇ ಇಲ್ಲ.

ವ್ಯತ್ಯಾಸ ನನಗೆ ಅಲ್ಲಿ ನಿಂತು ಹೊಳೆಯಿತು. ಒಂದು ಬೀಳುವ ನೀರು. ಇನ್ನೊಂದು ಇಳಿಯುವ ನೀರು.

ಇಂಗ್ಲಿಷಿನಲ್ಲಿ ವಾಟರ್‌ಫಾಲ್ ಅನ್ನುವುದು ಎಲ್ಲಕ್ಕೂ ಸಲ್ಲುವ ದೊಡ್ಡ ಹೆಸರು. ಆದರೆ ಆ ಮಾತು ಕೇಳಿದ ಕೂಡಲೇ ಕಣ್ಣಿಗೆ ಬರುವುದು ಬಂಡೆಯ ತುದಿಯನ್ನು ಬಿಟ್ಟು ಒಂದೇ ಸಲಕ್ಕೆ ಕೆಳಗೆ ಧುಮುಕುವ ನೀರು. ಕ್ಯಾಸ್ಕೇಡ್ ಅಂದರೆ ಬಂಡೆಯನ್ನು ಬಿಡದೆ, ಮೆಟ್ಟಿಲು ಮೆಟ್ಟಿಲಾಗಿ, ಸಣ್ಣ ಸಣ್ಣ ಬೀಳುವಿಕೆಗಳಲ್ಲಿ ಇಳಿದು ಬರುವ ನೀರು. ಕ್ಯಾಸ್ಕೇಡ್ ಬಂದಿದ್ದು ಇಟಾಲಿಯನ್ ಭಾಷೆಯಿಂದ, ಅಲ್ಲೂ ಅದರ ಬೇರು ‘ಬೀಳು’ ಅನ್ನುವುದೇ. ಬೇರು ಒಂದೇ ಅರ್ಥದ್ದು, ಬಳಕೆಯಲ್ಲಿ ದಾರಿ ಬೇರೆಯಾಯಿತು.

ಇದು ಮಕ್ಕಳಿಗೆ ಬೇಗ ಅರ್ಥವಾಗಲಿ ಅಂತ ನಾನು ಈಗ ಪಾಠದಲ್ಲಿ ಜೋಗದ ಚಿತ್ರ ಹಾಕುತ್ತೇನೆ. ಶರಾವತಿ ಒಂದೇ ನದಿ. ಅಲ್ಲಿ 253 ಮೀಟರ್ ಆಳಕ್ಕೆ ಅದು ನಾಲ್ಕು ಕವಲಾಗಿ ಬೀಳುತ್ತದೆ. ರಾಜ ಬಂಡೆಯನ್ನು ಬಿಟ್ಟು ನೇರ ಗಾಳಿಗೆ ಹಾರುತ್ತಾನೆ. ರಾಣಿ ಬಂಡೆಯ ಮೈಮೇಲೆ ನೊರೆ ನೊರೆಯಾಗಿ ಜಾರಿಕೊಂಡು ಬರುತ್ತಾಳೆ. ಒಂದೇ ಬಂಡೆ, ಒಂದೇ ನೀರು, ಪಕ್ಕಪಕ್ಕದಲ್ಲಿ ಎರಡೂ ಬಗೆ. ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ನಮ್ಮ ಕೋಣೆಯ ಶವರ್ ರಾಜನ ಹಾಗೆ ಆಗಬೇಕಿತ್ತು. ರಾಜನಿಗೆ ಹಿಂದೆ ತುಂಬಿದ ಹೊಳೆ ಬೇಕು. ಬೇಸಿಗೆಯಲ್ಲಿ ಜೋಗಕ್ಕೆ ಹೋದವರು ನೋಡಿರುತ್ತೀರಿ, ನೀರು ಕಡಿಮೆಯಾದರೆ ಅಲ್ಲಿಯೂ ಬರೀ ದಾರವೇ.

ಪುಣೆಯ ಸುತ್ತಮುತ್ತ ಮಳೆಗಾಲದಲ್ಲಿ ಓಡಾಡಿದರೆ ಇಳಿಯುವ ನೀರು ಹೆಜ್ಜೆ ಹೆಜ್ಜೆಗೂ ಸಿಗುತ್ತದೆ. ತಾಮ್ಹಿಣಿ ಘಾಟಿನ ಗುಡ್ಡಗಳನ್ನು ದೂರದಿಂದ ನೋಡಿ, ಪದರ ಪದರವಾಗಿ ಮೆಟ್ಟಿಲು ಕಡಿದ ಹಾಗಿವೆ. ಲಾವಾ ಒಂದರ ಮೇಲೊಂದು ಹರಿದು ಗಟ್ಟಿಯಾದ ಕಲ್ಲು ಅದು. ಡೆಕ್ಕನ್ ಟ್ರ್ಯಾಪ್ ಎನ್ನುತ್ತಾರಲ್ಲ, ಆ ಟ್ರ್ಯಾಪ್ ಬಂದಿದ್ದು ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಮಾತಿನಿಂದ. ಮೆಟ್ಟಿಲಿನ ನಾಡಿನಲ್ಲಿ ನೀರು ಮೆಟ್ಟಿಲು ಇಳಿಯುತ್ತದೆ. ಲೋಣಾವಳದ ಭುಶಿ ಡ್ಯಾಮಿನಲ್ಲಿ ಜನ ಮೆಟ್ಟಿಲ ಮೇಲೆ ಸಾಲಾಗಿ ಕೂತು ಬೆನ್ನಿಗೆ ನೀರು ಬಿಟ್ಟುಕೊಳ್ಳುತ್ತಾರಲ್ಲ, ಅದೇ ಸುಖ ನಮ್ಮ ₹3,250ರ ತಟ್ಟೆಯದ್ದು.

ಇನ್ನು ನಮ್ಮ ಮನೆಯ ಒಳಗಿನ ಎರಡು ಮಾತುಗಳು.

ಅತ್ತೆ ಏಪ್ರಿಲ್‌ನಲ್ಲಿ ಗೋಕಾಕದಿಂದ ಬಂದರು. ಅವರ ತವರೂ ಅಲ್ಲೇ, ಘಟಪ್ರಭೆ 52 ಮೀಟರ್ ಕೆಳಗೆ ಬೀಳುವ ಜಾಗದ ಹತ್ತಿರವೇ ಆಡಿ ಬೆಳೆದವರು. ಹೊಸ ಬಾತ್‌ರೂಮ್ ತೋರಿಸಿದೆ. ಇದು ವಾಟರ್‌ಫಾಲ್ ಅತ್ತೆ, ಜಲಪಾತದ ಥರ, ಎಂದೆ. ಗುಂಡಿ ತಿರುಗಿಸಿ ಆ ಜಡೆಯಂಥ ಧಾರೆಯನ್ನು ಸ್ವಲ್ಪ ಹೊತ್ತು ನೋಡಿದರು. “ಇದಕ್ಕ ದಬದಬಿ ಅಂತಾರೇನವಾ? ಸಪ್ಪಳನ ಇಲ್ಲಲ್ಲ! ನಮ್ಮೂರ ದಬದಬಿ ಮುಂದ ನಿಂತ್ರ ಬಾಜೂದವ್ರು ಮಾತಾಡಿದ್ದು ಕೇಳಂಗಿಲ್ಲ,” ಎಂದರು.

ದಬದಬೆ. ಎಷ್ಟು ವರ್ಷ ಆಗಿತ್ತು ಆ ಮಾತು ಕೇಳಿ! ಈಗ ಗೋಕಾಕದಲ್ಲೂ ಎಲ್ಲರೂ ಫಾಲ್ಸ್ ಎಂದೇ ಹೇಳುವುದು. ಮರಾಠಿಯ ಧಬಧಬಾ ಕೂಡ ಅದೇ ಸದ್ದಿನಿಂದ ಹುಟ್ಟಿದ ಮಾತು. ಅದು ಕಣ್ಣಿನ ಹೆಸರಲ್ಲ, ಕಿವಿಯ ಹೆಸರು. ನೀರು ಮೇಲಿನಿಂದ ಬಂದು ಕೆಳಗೆ ಬಡಿದರೆ ಮಾತ್ರ ದಬ ದಬ. ಬಡಿಯದಿದ್ದರೆ ಅತ್ತೆಗೆ ಅದು ದಬದಬೆಯೇ ಅಲ್ಲ. ನಮ್ಮ ಸಿದ್ದಾಪುರದ ಕಡೆ ಅಘನಾಶಿನಿ 116 ಮೀಟರ್ ಧುಮುಕುವ ಉಂಚಳ್ಳಿಗೆ ಜನ ಇಟ್ಟ ಹೆಸರೂ ಇದೇ ಲೆಕ್ಕದ್ದು: ಕೆಪ್ಪ ಜೋಗ. ಸದ್ದಿಗೆ ಕಿವಿ ಕೆಪ್ಪಾಗುತ್ತದೆ ಅಂತ.

ನನ್ನ ತವರು ಶಿರಸಿ ಕಡೆ. ನಮ್ಮ ಮನೆಯಲ್ಲಿ ಇದ್ದ ಮಾತು ಅಬ್ಬಿ. ತಮಿಳರ ಅರುವಿ, ತುಳುವರ ಅರ್ಬಿ, ಮಡಿಕೇರಿಯ ಅಬ್ಬಿ ಎಲ್ಲ ಒಂದೇ ಬಳ್ಳಿಯವು. ಮಡಿಕೇರಿಯದನ್ನು ಬೋರ್ಡಿನಲ್ಲಿ ಅಬ್ಬೆ ಫಾಲ್ಸ್ ಎಂದು ಬರೆಯುತ್ತಾರೆ, ಅಂದರೆ ಜಲಪಾತ ಜಲಪಾತ ಎಂದ ಹಾಗಾಯಿತು. ಇರಲಿ. ಅಬ್ಬಿ ಅಂದರೆ ನಿಘಂಟಿನಲ್ಲಿ ಜಲಪಾತವೇ. ಆದರೆ ನಮಗೆ ಮನೆಯಲ್ಲಿ ಅಬ್ಬಿ ನೀರು ಅಂದರೆ ಬೇರೆ. ಗುಡ್ಡದ ಮೇಲಿನ ಒರತೆಯಿಂದ ಅಡಕೆ ಮರದ ದಬ್ಬೆಯಲ್ಲಿ ಹರಿದು ಅಂಗಳಕ್ಕೆ ಬರುವ ನೀರು. ಅಡಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳು ತೆಗೆದರೆ ದಬ್ಬೆ. ಒಂದರ ಬಾಯಿಗೆ ಇನ್ನೊಂದು ಜೋಡಿಸಿ, ಕವೆಗೋಲಿನ ಮೇಲೆ ಇಟ್ಟು ಗುಡ್ಡದಿಂದ ತರುತ್ತಿದ್ದರು. ಪಂಪ್ ಇಲ್ಲ, ಕರೆಂಟ್ ಇಲ್ಲ. ಕೊನೆಯ ದಬ್ಬೆಯ ತುದಿಯಿಂದ ನೀರು ಕಲ್ಲುಮರಿಗೆಗೆ ಬೀಳುತ್ತಿತ್ತು, ಹಗಲೂ ರಾತ್ರಿ. ಅದು ಯಾರ ಕಿವಿಯನ್ನೂ ಕೆಪ್ಪು ಮಾಡಲಿಲ್ಲ. ರಾತ್ರಿ ಎಚ್ಚರವಾದರೆ ಆ ಸದ್ದು ಕೇಳಿ ಮತ್ತೆ ನಿದ್ದೆ ಬರುತ್ತಿತ್ತು. ದಬ್ಬೆಯ ಅಂಚಿನಲ್ಲಿ ಪಾಚಿ ಕಟ್ಟಿರುತ್ತಿತ್ತು. ನೀರು ಅದನ್ನು ಹಿಡಿದುಕೊಂಡು ಸ್ವಲ್ಪ ಒಳಮುಖವಾಗಿ ತಿರುಗಿ ಇಳಿಯುತ್ತಿತ್ತು. ಅಪ್ಪ ಪ್ರತಿ ವರ್ಷ ಮಳೆಗಾಲ ಕಳೆದ ಮೇಲೆ ಅದನ್ನು ತೆಂಗಿನ ಚಿಪ್ಪಿನಲ್ಲಿ ಕೆರೆದು ತೆಗೆಯುತ್ತಿದ್ದರು. ಇಲ್ಲದಿದ್ದರೆ ನೀರು ಮರಿಗೆಗೆ ಬೀಳದೆ ದಬ್ಬೆಯ ಅಡಿಯಲ್ಲೇ ಜಾರಿ ಹಿಂದಕ್ಕೆ ಹೋಗುತ್ತಿತ್ತು. ಈಗ ಅಲ್ಲಿ ಕರಿ ಪೈಪು ಬಂದಿದೆ. ನೀರು ಅದೇ, ಹೆಸರೂ ಅದೇ.

ಈ ಕ್ಯಾಸ್ಕೇಡ್ ತಟ್ಟೆಯನ್ನು ಮೊದಲ ಸಲ ಬಿಟ್ಟಾಗ ನನಗೆ ನೆನಪಾಗಿದ್ದು ಆ ದಬ್ಬೆ. ಅದೇ ಆಕಾರ, ಅದೇ ತೆರೆದ ಬಾಯಿ. ತೊಂದರೆಯೂ ಅದೇ! ನೀರು ತೀರಾ ಕಡಿಮೆ ಬಿಟ್ಟರೆ ತಟ್ಟೆಯ ಅಡಿಗೆ ಅಂಟಿಕೊಂಡು ಗೋಡೆಗೆ ಹೋಗುತ್ತದೆ. ಅರ್ಧಕ್ಕಿಂತ ಜಾಸ್ತಿ ತಿರುಗಿಸಿದರೆ ಸರಿಯಾಗುತ್ತದೆ. ಕೊಳ್ಳುವಾಗ ಅಂಚಿನ ಕೆಳಗೆ ಬೆರಳಾಡಿಸಿ ನೋಡಿ. ಅಂಚು ಚೂಪಾಗಿದ್ದರೆ ನೀರು ಬಿಟ್ಟುಕೊಂಡು ಇಳಿಯುತ್ತದೆ. ದುಂಡಗಿದ್ದರೆ ಅಡಿಗೆ ಅಂಟುತ್ತದೆ. ನಮ್ಮದು ಸ್ವಲ್ಪ ದುಂಡಗಿದೆ.

ಕೂರಿಸುವ ಎತ್ತರವೂ ಮುಖ್ಯ. ಪ್ಲಂಬರ್ ಆರೂವರೆ ಅಡಿಗೆ ಗುರುತು ಹಾಕಿದ್ದರು, ಶವರ್ ಅಲ್ಲವಾ ಅಂತ. ನಾನು ಐದು ಅಡಿಗೆ ಇಳಿಸಿದೆ. ಹೆಗಲಿಗೆ, ಬೆನ್ನಿಗೆ ನೇರ ಬರುತ್ತದೆ. ಮಕ್ಕಳಿಗೆ ತಲೆಗೂ ಸರಿ. ಎತ್ತರ ಹೆಚ್ಚಿಸಿದರೆ ಅದೂ ಬೀಳುವ ನೀರೇ ಆಗಿ ಜಡೆ ಹೆಣೆದುಕೊಳ್ಳುತ್ತದೆ.

ವಾಟರ್‌ಫಾಲ್ ವಾಪಸ್ ಕೊಡಲು ಹೋದೆವು. ಕೂರಿಸಿದ ಸಾಮಾನು ತಗೊಳ್ಳುವುದಿಲ್ಲ ಎಂದರು. ಅವರು ಹೇಳಿದ್ದು ಬಿಲ್ಲಿನ ಹಿಂದೆ ಬರೆದಿತ್ತು, ನಿಜ. ಆದರೆ ಎಷ್ಟನೇ ಮಹಡಿ, ಟಾಕಿ ಎಲ್ಲಿದೆ ಎಂದು ಮಾರುವಾಗ ಒಂದು ಮಾತು ಕೇಳಬಹುದಿತ್ತು. ಆ ಬೇಸರ ಇನ್ನೂ ಇದೆ.

ಜನವರಿಯಲ್ಲಿ ಪ್ರೆಶರ್ ಪಂಪ್ ಹಾಕಿಸಬೇಕೆಂದು ವಿಚಾರಿಸಿದ್ದೆವು. ಆದರೆ ಹಾಕಿಸಿದ್ದು ಮೇ ಮೊದಲ ವಾರ, ಅತ್ತೆ ಇರುವಾಗಲೇ. ಕೂಲಿ ಸೇರಿ ₹8,900. ಅಂದರೆ ₹7,400ರ ಶವರ್‌ಗೆ ಅದಕ್ಕಿಂತ ಜಾಸ್ತಿ ಖರ್ಚು. ಪಂಪ್ ಬಂದ ಮೇಲೆ ವಾಟರ್‌ಫಾಲ್ ನಿಜವಾಗಿ ವಾಟರ್‌ಫಾಲ್ ಆಯಿತು, ಅದನ್ನು ಒಪ್ಪಬೇಕು. ಹಾಳೆ ಅಗಲವಾಗಿ, ತುಂಡಾಗದೆ, ತಲೆಗೆ ಬಡಿಯುತ್ತದೆ. ಕುತ್ತಿಗೆ ಹಿಡಿದುಕೊಂಡ ದಿನ ಅದರ ಕೆಳಗೆ ಎರಡು ನಿಮಿಷ ನಿಂತರೆ ಹಾಯಾಗುತ್ತದೆ. ಅತ್ತೆ ಬಾಗಿಲ ಹೊರಗಿನಿಂದಲೇ ಕೂಗಿದರು: “ಹಾಂ, ಈಗ ಆತು ನೋಡು ದಬದಬಿ!”

ಆದರೆ ಲೆಕ್ಕ ಕೇಳಿ. ಈಗ ಇಪ್ಪತ್ತು ಲೀಟರ್ ಬಕೆಟ್ ಎಪ್ಪತ್ತೈದು ಸೆಕೆಂಡಿಗೆ ತುಂಬುತ್ತದೆ. ನಿಮಿಷಕ್ಕೆ 16 ಲೀಟರ್. ಎಂಟು ನಿಮಿಷದ ಸ್ನಾನಕ್ಕೆ 128 ಲೀಟರ್. ಬಕೆಟ್ ಸ್ನಾನ ಇಪ್ಪತ್ತು ಲೀಟರಲ್ಲಿ ಮುಗಿಯುತ್ತದೆ. ನಮ್ಮ ಗೀಸರ್ 15 ಲೀಟರಿನದ್ದು, ಮೂರು ನಿಮಿಷ ಆಗುವ ಮೊದಲೇ ನೀರು ತಣ್ಣಗಾಗುತ್ತದೆ. ಡಿಸೆಂಬರ್‌ನ ಪುಣೆಯ ಚಳಿಯಲ್ಲಿ ಇದರ ಗತಿ ಏನು ಅಂತ ಈಗಲೇ ಯೋಚನೆ. ಮೇ ತಿಂಗಳಲ್ಲಂತೂ ನಮ್ಮ ಸೊಸೈಟಿಗೆ ಟ್ಯಾಂಕರ್ ಬರುತ್ತದೆ. 10,000 ಲೀಟರಿನ ಟ್ಯಾಂಕರ್ ಕೆಳಗೆ ಖಾಲಿಯಾಗುವುದನ್ನು ಕಿಟಕಿಯಿಂದ ನೋಡಿ, ಆಮೇಲೆ ಬಂದು 128 ಲೀಟರ್ ತಲೆ ಮೇಲೆ ಸುರಿದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಮೇ ತಿಂಗಳು ಪೂರ್ತಿ ಅದನ್ನು ಅತ್ತೆಗೆ ತೋರಿಸಿದ ಒಂದು ದಿನ ಬಿಟ್ಟು ತಿರುಗಿಸಲೇ ಇಲ್ಲ. ಮಳೆ ಬಗೆಯನ್ನು ಮಾತ್ರ ಬಳಸಿದೆವು. ಅದು ಕಡಿಮೆ ನೀರಲ್ಲೂ ಚೆನ್ನಾಗಿದೆ.

ಟ್ಯಾಂಕರ್ ನೀರು ಗಡಸು. ಎರಡು ವಾರಕ್ಕೆ ಬಿಳಿ ಪೊರೆ ಕಟ್ಟುತ್ತದೆ. ಮಳೆ ಬಗೆಯ ತೂತುಗಳಿಗೆ ರಬ್ಬರಿನಂಥ ಮೊಲೆತೊಟ್ಟುಗಳಿವೆ. ಹೆಬ್ಬೆರಳಲ್ಲಿ ಉಜ್ಜಿದರೆ ಪುಡಿ ಉದುರಿ ಸರಿಹೋಗುತ್ತದೆ. ವಾಟರ್‌ಫಾಲ್ ಸೀಳು ಹಾಗಲ್ಲ. ಸೀಳಿನ ನಡುವೆ ಸಾಸಿವೆ ಕಾಳಿನಷ್ಟು ಕಟ್ಟಿಕೊಂಡರೂ ಹಾಳೆ ಅಲ್ಲಿಂದಲೇ ಎರಡಾಗಿ ಸೀಳುತ್ತದೆ. ಕಡ್ಡಿ ಹಾಕಿ ಕೆರೆದರೆ ಒಳಗೆ ಗೀರು ಬೀಳುತ್ತದೆ, ಆಮೇಲೆ ಅಲ್ಲೇ ಜಾಸ್ತಿ ಕಟ್ಟುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ನೀರು ಬೆರೆಸಿದ ವಿನೆಗರ್ ತುಂಬಿ, ಶವರ್‌ಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಹದಿನೈದು ನಿಮಿಷ ಬಿಟ್ಟು ತೆಗೆಯಿರಿ. ಜಾಸ್ತಿ ಹೊತ್ತು ಬಿಟ್ಟರೆ ಕ್ರೋಮ್ ಹೊಳಪು ಹೋಗುತ್ತದೆ. ಕ್ಯಾಸ್ಕೇಡ್ ತಟ್ಟೆಗೆ ಈ ಕಷ್ಟ ಯಾವುದೂ ಇಲ್ಲ. ತೆರೆದ ಬಾಯಿ, ಕೈ ಹಾಕಿ ಬಟ್ಟೆಯಲ್ಲಿ ಒರೆಸಬಹುದು. ಅತ್ತೆ ಹಿಂಡಿದ ನಿಂಬೆ ಸಿಪ್ಪೆಯಲ್ಲಿ ಉಜ್ಜಿ ಹೊಳೆಯುವ ಹಾಗೆ ಮಾಡಿಟ್ಟು ಹೋದರು.

ಅಂಕ ಕೊಡಬೇಕು ಅಂದರೆ, ಕ್ಯಾಸ್ಕೇಡ್‌ಗೆ ಐದಕ್ಕೆ ನಾಲ್ಕೂವರೆ. ಅರ್ಧ ಕಡಿಮೆ ಆ ದುಂಡಗಿನ ಅಂಚಿಗೆ. ವಾಟರ್‌ಫಾಲ್‌ಗೆ ಕೆಳಗಿನ ಮಹಡಿಯವರು, ನೀರಿನ ಬರ ಇಲ್ಲದವರು, 25 ಲೀಟರಿನ ಗೀಸರ್ ಇರುವವರು ನಾಲ್ಕು ಕೊಡಬಹುದು. ನಮ್ಮಂಥ ಕೊನೆಯ ಮಹಡಿಯವರಿಗೆ ಎರಡು, ಅದೂ ಮಳೆ ಬಗೆ ಇರುವುದರಿಂದ. ಮುಂದಿನ ಸಲ ಅಂಗಡಿಯಲ್ಲಿ ಯಾರಾದರೂ ಎರಡೂ ಒಂದೇ ಎಂದರೆ, ನೀರು ಗಾಳಿಯಲ್ಲಿ ಬೀಳುತ್ತದೋ ಅಥವಾ ಏನನ್ನಾದರೂ ಹಿಡಿದುಕೊಂಡು ಇಳಿಯುತ್ತದೋ ಎಂದು ಕೇಳಿ. ಬೀಳುವುದಾದರೆ ಬಾರ್ ಎಷ್ಟು ಬೇಕು ಎಂದು ಚೀಟಿ ತೆಗೆಸಿ ನೋಡಿ.

ಅತ್ತೆ ಊರಿಗೆ ಹೊರಡುವ ದಿನ ಬೆಳಿಗ್ಗೆ ಯಾವ ಬಾತ್‌ರೂಮ್ ಕೊಡಲಿ ಎಂದು ಕೇಳಿದೆ. ದಬದಬೆ ಬಿಟ್ಟುಕೊಡುತ್ತೇನೆ ಅತ್ತೆ, ಪಂಪ್ ಹಾಕುತ್ತೇನೆ ಎಂದೆ. “ಬ್ಯಾಡವಾ, ನಿಮ್ಮೂರ ಅಬ್ಬೀನ ಸಾಕು,” ಎಂದು ಸ್ಟೂಲ್ ತೆಗೆದುಕೊಂಡು ಹೊರಗಿನ ಬಾತ್‌ರೂಮಿಗೆ ಹೋದರು. ಬಾಗಿಲ ಆಚೆಯಿಂದ ನೀರಿನ ಸದ್ದು ಸಣ್ಣಗೆ, ಒಂದೇ ಸಮ ಕೇಳುತ್ತಿತ್ತು. ನಾನು ಅಡುಗೆಮನೆಯಲ್ಲಿ ಅವರ ಬುತ್ತಿಗೆ ಚಪಾತಿ ಲಟ್ಟಿಸುತ್ತಾ ಅದನ್ನೇ ಕೇಳುತ್ತಿದ್ದೆ.